ಹದಿನೈದನೇ ಹಂತ

ಮಂಡಿಪೇಟೆ, ಬ್ಯಾಂಕಿನ ಮೂರನೇ ಮಹಡಿ.
ಮೊದಲು ಹತ್ತಿಯ ನಮೂನೆ ಇಡುತ್ತಿದ್ದ ಕೋಣೆಯಂತೆ,
ಈಗಲೂ ಎ.ಸಿ. ಹಾಕಿದರೆ ಯಾವ ಮೂಲೆಯಿಂದಲೋ ಒಂದೆಳೆ
ಹಾರಿ ಬಂದು ರ‍್ಯಾಕಿನ ಹಸಿರು ದೀಪಕ್ಕೆ ಅಂಟುತ್ತದೆ.

ರಾತ್ರಿ ಹತ್ತಾಯಿತು. ಕೊಟ್ರಬಸಪ್ಪನವರು
ನರ್ಗಿಸ್ ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತಾರೆ.
"ನಿಮ್ಮ ಭಟ್ಟಿದೇ ಇರಬೇಕು ನೋಡು ಶಮೀಮ."
ಬಾಯಿಗೆ ಹಾಕಿಕೊಂಡೆ. ಅಲ್ಲ. ಉಪ್ಪು ಹೆಚ್ಚು.

ಹೇಳಿಕೊಳ್ಳಲಿಕ್ಕೆ ಕೆಲಸ ಸಣ್ಣದು.
ಹದಿನಾಲ್ಕು ಶಾಖೆ, ಮೂವತ್ತೊಂಬತ್ತು ಸ್ವಿಚ್ಚು,
ಎಲ್ಲದಕ್ಕೂ ಇಲ್ಲಿಯವರೆಗೆ ಒಂದೇ ಹೆಸರು, ಅವರದು,
ಒಂದೇ ಪಾಸ್‌ವರ್ಡು, ಅವರ ಹಳೇ ಲೂನಾದ ನಂಬರು.
ಇನ್ನು ಮೇಲೆ ಯಾರೇ ಬಂದರೂ ಈ ಸರ್ವರಿನ ಹೊಸ್ತಿಲಲ್ಲಿ ನಿಂತು
ತಾವು ಯಾರೆಂದು ಹೇಳಬೇಕು.
ಎಲ್ಲಿಯವರೆಗೆ ಬರಬಹುದೆಂದು ಅದು ಹೇಳುತ್ತದೆ.
ಆಮೇಲೆ ತನ್ನ ಪಾಡಿಗೆ ಬರೆದಿಟ್ಟುಕೊಳ್ಳುತ್ತದೆ,
ಏನು ಮಾಡಿದರು, ಎಷ್ಟು ಹೊತ್ತು ಇದ್ದರು.

ಒಂದನೇ ಹಂತ: ನೋಡಬಹುದು, ಅಷ್ಟೆ.
ಹೊನ್ನಾಳಿಯ ಹಾಲೇಶಿಗೆ ಅದು ಸಾಕು,
ಲೈನು ಬಿತ್ತೆಂದು ಕಂಡರೆ ಫೋನಾದರೂ ಮಾಡುತ್ತಾನೆ.
ಏಳನೆಯದು: ಮಲಗಿದ ಪೋರ್ಟನ್ನು ಎಬ್ಬಿಸಬಹುದು,
ದಾರಿ ತಿರುಗಿಸುವಂತಿಲ್ಲ.
ಜಗಳೂರಿನ ಸುಮಿತ್ರಮ್ಮನಿಗೆ ಅದು.
ಅಲ್ಲಿಯ ಪೋರ್ಟಿನ ಮುನಿಸು ನನಗಿಂತ ಅವರಿಗೇ ಗೊತ್ತು.
ಹದಿನೈದು: ಎಲ್ಲ. ಅಳಿಸುವುದೂ ಸೇರಿ.

ಮಧ್ಯಾಹ್ನ ಜನರಲ್ ಮ್ಯಾನೇಜರು ಕರೆಸಿದ್ದರು.
"ನನ್ನ ಸಹಿಯಿಲ್ಲದೆ ಇಲ್ಲಿ ಪೊರಕೆ ಕೊಳ್ಳುವಂಗಿಲ್ಲ,
ನನಗೆ ಒಂದನೇದಾ?"
ಕುರ್ಚಿಯ ಎತ್ತರಕ್ಕೂ ಇದಕ್ಕೂ ಸಂಬಂಧವಿಲ್ಲ ಸರ್,
ಎನ್ನಲು ಮೂರು ಸಲ ಬಾಯಿ ತೆರೆದು, ಕೊನೆಗೆ
"ತಪ್ಪಿ ಬೆರಳು ತಾಗಿದರೂ ನಿಮ್ಮ ಹೆಸರೇ ದಾಖಲಾಗುತ್ತೆ" ಅಂದೆ.
ಒಂದನೆಯದಕ್ಕೆ ಅವರಾಗಿಯೇ ಇಳಿದರು.

ನಮ್ಮ ಭಟ್ಟಿಯಲ್ಲಿ
ಅಕ್ಕಿಗೆ ಉಪ್ಪುನೀರು ಬೆರೆಸುವ ಅಳತೆ ಅಬ್ಬಾ ಒಬ್ಬರಿಗೇ ಗೊತ್ತಿತ್ತು.
ಒಲೆಗೆ ಹೊಟ್ಟು ತುಂಬುವವನು, ಮರಳು ಕಾಯಿಸುವವನು,
ಜರಡಿ ಹಿಡಿಯುವ ಅಮ್ಮೀ, ಎಲ್ಲರ ಕೈಗೂ ಒಂದೊಂದು ಗೆರೆ.
ಒಂದು ಚಳಿಗಾಲ ಅಬ್ಬಾನ ಮಾತು ಬಿದ್ದುಹೋಯಿತು.
ಹನ್ನೊಂದು ದಿನ ಒಲೆ ಉರಿಯಿತು, ಅಕ್ಕಿ ಅರಳಲಿಲ್ಲ.
ಹಾಸಿಗೆಯಿಂದ ಕೈ ಎತ್ತಿ ಬೆರಳು ಮಡಿಸುತ್ತಿದ್ದರು,
ಬೊಗಸೆಯೋ, ಚೊಂಬೋ, ನಮಗೆ ತಿಳಿಯಲಿಲ್ಲ.
ಕೊಟ್ಟುಬಿಡಬೇಕು ಅಂತ ಅವರಿಗೆ ಅನ್ನಿಸಿದಾಗ
ಕೊಡುವ ದಾರಿ ಮುಚ್ಚಿತ್ತು.
ಈಗಿನ ಅಳತೆ, ಅಮ್ಮೀ ಹಾಳುಮಾಡಿ ಹಾಳುಮಾಡಿ ಕಲಿತದ್ದು.

ಅದಕ್ಕೇ ಹದಿನೈದಕ್ಕೆ ಎರಡು ಹೆಸರಿಟ್ಟೆ,
ನನ್ನದು, ಚನ್ನಗಿರಿಯ ಪಾಲಾಕ್ಷಪ್ಪನದು.
ಮೂರನೆಯದು ಯಾರದೂ ಅಲ್ಲ.
ಹಾಳೆಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ
ಸೇಫಿನಲ್ಲಿಟ್ಟಿದೆ. ಸರ್ವರೇ ಸತ್ತ ದಿನಕ್ಕೆ.

ಉಳಿದದ್ದು ಒಂದೇ ಸಾಲು.
"ನಾಳೆ ತೆಗೀತೀನಿ ಸರ್."
"ನಾಳೆ ಹಾರ ಹಾಕ್ತಾರೆ, ಶಾಲು ಹೊದಿಸ್ತಾರೆ,
ಯಾರಿಗೂ ನೆನಪಿರಂಗಿಲ್ಲ. ಈಗ್ಲೇ ತೆಗಿ."
ಹದಿನೈದನ್ನು ಸೊನ್ನೆ ಮಾಡಿದರೆ ಸಾಲದು,
ಸೊನ್ನೆಯೂ ಒಂದು ಹಂತ.
ಹೆಸರನ್ನೇ ತೆಗೆದೆ.

ಕೈಯೊರೆಸಿಕೊಂಡು ಪಕ್ಕದ ಕಂಪ್ಯೂಟರಿಗೆ ಹೋದರು.
ಲೂನಾದ ನಂಬರನ್ನು ಒಂದೇ ಬೆರಳಲ್ಲಿ ಒತ್ತಿದರು,
ಇಪ್ಪತ್ತೆರಡು ವರ್ಷ ಒತ್ತಿದ ಹಾಗೆ.
ಸರ್ವರು ಇಲ್ಲ ಅಂದಿತು.
ಯಾಕೆ ಅಂತ ಅದು ಯಾರಿಗೂ ಹೇಳುವುದಿಲ್ಲ.
ಮತ್ತೊಮ್ಮೆ ಒತ್ತಿದರು.
ನಾನು ದೀಪಕ್ಕಂಟಿದ ಹತ್ತಿಯ ಎಳೆ ಕೀಳುತ್ತ ನಿಂತೆ.
ಮೂರನೆಯ ಸಲಕ್ಕೆ "ಸರಿಯಾಗೈತಿ" ಅಂದು
ಕನ್ನಡಕ ತೆಗೆದು ಅಂಗಿಗೆ ಉಜ್ಜಿದರು.

ಲಾಗ್ ತೆರೆದೆ.
ಹತ್ತು ಐವತ್ತೆರಡು, ಐವತ್ತಮೂರು, ಐವತ್ತಮೂರು.
ಗುರುತಿಲ್ಲದ ಬಳಕೆದಾರ. ತಿರಸ್ಕೃತ.
ಆ ಮೂರು ಸಾಲು ಅಳಿಸುವ ಅಧಿಕಾರ ನನಗಿದೆ.

ಪೊಟ್ಟಣವನ್ನು ನನ್ನ ಕಡೆ ಸರಿಸಿ ಅವರು
"ಮುಗ್ಸು, ಮೆತ್ತಗಾಗ್ತತಿ" ಅಂದರು.